ಇಂಗ್ಲಿಷ್ ವಾಕ್ಯದ ಪದಕ್ರಮ ಮತ್ತು ಜೋಡಿ ಸಂಯೋಜಕಗಳು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರದ ಕನ್ನಡ ಕಲಿಕೆದಾರರ ದೃಷ್ಟಿಯಿಂದ

ಪರಭಾಷೆಯನ್ನು ಕಲಿಯುವವರು ಮಾಡುವ ತಪ್ಪುಗಳಲ್ಲಿ ಎರಡು ಬಗೆಗಳಿವೆ. ಅಜಾಗರೂಕತೆಯಿಂದ ಆಗುವ ತಪ್ಪು ಒಂದು ಬಗೆಯದು. ಅದು ಒಮ್ಮೆ ಬಂದು ಮತ್ತೊಮ್ಮೆ ಬಾರದೆ ಹೋಗುತ್ತದೆ. ಇನ್ನೊಂದು ಬಗೆಯ ತಪ್ಪು ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ, ಬೇರೆ ಬೇರೆ ಊರಿನ ಮಕ್ಕಳ ಬರಹದಲ್ಲಿ ಮರುಕಳಿಸುತ್ತದೆ. 1967ರಲ್ಲಿ ಎಸ್. ಪಿಟ್ ಕಾರ್ಡರ್ ಅವರು ಪ್ರಕಟಿಸಿದ ಲೇಖನವು ಈ ಎರಡನ್ನೂ ಬೇರ್ಪಡಿಸಿ, ಎರಡನೆಯ ಬಗೆಯ ತಪ್ಪು ಕಲಿಯುವವರ ಮನಸ್ಸಿನಲ್ಲಿ ಕೆಲಸ ಮಾಡುತ್ತಿರುವ ನಿಯಮವೊಂದರ ಕುರುಹು ಎಂದು ತೋರಿಸಿತು. ಅದಕ್ಕೂ ಹತ್ತು ವರ್ಷ ಮೊದಲು, 1957ರಲ್ಲಿ, ರಾಬರ್ಟ್ ಲಾಡೊ ಅವರು ಮನೆಮಾತು ಮತ್ತು ಕಲಿಕೆಯ ಭಾಷೆಗಳನ್ನು ಎದುರುಬದುರು ಇಟ್ಟು ಹೋಲಿಸುವ ಕ್ರಮವನ್ನು ಪ್ರತಿಪಾದಿಸಿದ್ದರು. ಈ ಎರಡು ಚಿಂತನೆಗಳ ಬೆಳಕಿನಲ್ಲಿ ಕನ್ನಡ ಮನೆಮಾತಿನ ವಿದ್ಯಾರ್ಥಿಗಳಿಗೆ ಇಂಗ್ಲಿಷ್‌ನ ಪದಕ್ರಮ ಹಾಗೂ ‘ಈದರ್–ಆರ್’, ‘ನೈದರ್–ನಾರ್’, ‘ಬೋತ್–ಆ್ಯಂಡ್’, ‘ನಾಟ್ ಓನ್ಲಿ–ಬಟ್ ಆಲ್ಸೊ’ ಮೊದಲಾದ ಜೋಡಿ ಸಂಯೋಜಕಗಳು ಏಕೆ ತೊಡಕಾಗುತ್ತವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶಾಲಾ ವ್ಯಾಕರಣಗಳು ಪದಕ್ರಮ ಮತ್ತು ಜೋಡಿ ಸಂಯೋಜಕಗಳನ್ನು ಎರಡು ಬೇರೆ ಪಾಠಗಳಾಗಿ ಬೋಧಿಸುತ್ತವೆ. ಕನ್ನಡಿಗರ ಮಟ್ಟಿಗೆ ಅವೆರಡೂ ಒಂದೇ ತೊಡಕಿನ ಎರಡು ಮುಖಗಳೆಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

1. ಪ್ರದೇಶ ಮತ್ತು ಕಲಿಕೆಯ ಹಿನ್ನೆಲೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳು ಬೆಳಗಾವಿ ಜಿಲ್ಲೆಯ ದಕ್ಷಿಣ ಮತ್ತು ಆಗ್ನೇಯ ಭಾಗದಲ್ಲಿ ಮಲಪ್ರಭೆಯ ಬಯಲಿಗೆ ಹೊಂದಿಕೊಂಡಿವೆ. ಜೋಳ, ಹತ್ತಿ, ಕಡಲೆಯ ಎರೆಭೂಮಿ, ಸವದತ್ತಿಯ ಯಲ್ಲಮ್ಮನ ಗುಡ್ಡ, 1824ರ ಯುದ್ಧದ ಕಿತ್ತೂರು, ರಾಣಿ ಚನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡ ಬೈಲಹೊಂಗಲ, ನೇಕಾರಿಕೆಯ ರಾಮದುರ್ಗ ಇವು ಈ ಭಾಗದ ಗುರುತುಗಳು. ಆಡಳಿತದ ಇತಿಹಾಸದಲ್ಲಿ ಈ ನಾಲ್ಕೂ ಊರುಗಳು ಒಂದೇ ದಾರಿಯಲ್ಲಿ ನಡೆದು ಬಂದವುಗಳಲ್ಲ. ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಿ ವಿಲೀನಗೊಂಡಿತು. ಉಳಿದ ಭಾಗ ಮುಂಬಯಿ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ಇಡೀ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಶಾಲಾ ಶಿಕ್ಷಣದ ವಿಂಗಡಣೆಯಲ್ಲಿ ಈ ನಾಲ್ಕೂ ವಲಯಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ.

ಇದೇ ಶೈಕ್ಷಣಿಕ ಜಿಲ್ಲೆಯ ಖಾನಾಪುರ ಮತ್ತು ಬೆಳಗಾವಿ ವಲಯಗಳಲ್ಲಿ ಮರಾಠಿ ಮನೆಮಾತಿನವರು ಗಣನೀಯ ಪ್ರಮಾಣದಲ್ಲಿದ್ದರೆ, ಈ ನಾಲ್ಕು ತಾಲೂಕುಗಳ ಮನೆಮಾತು ಬಹುಮಟ್ಟಿಗೆ ಕನ್ನಡವೇ. ಉರ್ದು ಮತ್ತು ಮರಾಠಿ ಆಡುವ ಮನೆಗಳೂ ಇಲ್ಲಿವೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಬಹುಕಾಲ ಐದನೆಯ ತರಗತಿಯಿಂದ ಆರಂಭವಾಗುತ್ತಿತ್ತು. 2007–08ರಿಂದ ಒಂದನೆಯ ತರಗತಿಯಿಂದಲೇ ಅದನ್ನು ಒಂದು ವಿಷಯವಾಗಿ ಕಲಿಸುವ ಕ್ರಮ ಬಂದಿತು. ಕಲಿಕೆಯ ವರ್ಷಗಳು ಹೆಚ್ಚಿದರೂ ಚದುರಿದ ಪದಗಳನ್ನು ಕ್ರಮವಾಗಿ ಜೋಡಿಸುವ, ಎರಡು ವಾಕ್ಯಗಳನ್ನು ಕೊಟ್ಟ ಜೋಡಿ ಪದದಿಂದ ಒಂದಾಗಿಸುವ ಪ್ರಶ್ನೆಗಳು ಪ್ರೌಢಶಾಲೆಯಿಂದ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳವರೆಗೆ ಹಳ್ಳಿಯ ವಿದ್ಯಾರ್ಥಿಗಳನ್ನು ಕಾಡುವುದು ತಪ್ಪಿಲ್ಲ. ಈ ಪ್ರಶ್ನೆಗಳಲ್ಲಿ ಎಡವಿದ ವಿದ್ಯಾರ್ಥಿಗೆ ‘ಇಂಗ್ಲಿಷ್‌ನಲ್ಲಿ ದಡ್ಡ’ ಎಂಬ ಹಣೆಪಟ್ಟಿ ಬೇಗನೆ ಅಂಟುತ್ತದೆ. ತಪ್ಪಿನ ಕಾರಣ ಬುದ್ಧಿಯ ಕೊರತೆಯೋ ಭಾಷೆಗಳ ರಚನೆಯ ಭೇದವೋ ಎಂಬ ಪ್ರಶ್ನೆ ಈ ಕಾರಣಕ್ಕಾಗಿ ವ್ಯಾಕರಣದ ಗಡಿಯನ್ನು ದಾಟುತ್ತದೆ.

2. ಪದಕ್ರಮ: ಪ್ರತ್ಯಯದ ಕೆಲಸ, ಸ್ಥಾನದ ಕೆಲಸ

ಕನ್ನಡ ವಾಕ್ಯದ ಸಹಜ ಕ್ರಮ ಕರ್ತೃ, ಕರ್ಮ, ಕ್ರಿಯೆ. ಇಂಗ್ಲಿಷ್‌ನಲ್ಲಿ ಕರ್ತೃ, ಕ್ರಿಯೆ, ಕರ್ಮ. ಈ ಭೇದವನ್ನು ಎಲ್ಲ ಶಿಕ್ಷಕರೂ ಹೇಳುತ್ತಾರೆ. ಆದರೆ ಇದಕ್ಕಿಂತ ಆಳವಾದ ಭೇದವೊಂದಿದೆ. ಕನ್ನಡದಲ್ಲಿ ಯಾರು ಕರ್ತೃ, ಯಾವುದು ಕರ್ಮ ಎಂಬುದನ್ನು ತಿಳಿಸುವುದು ಮುಖ್ಯವಾಗಿ ವಿಭಕ್ತಿ ಪ್ರತ್ಯಯ. ‘ಹುಡುಗ ನಾಯಿಯನ್ನು ಕಂಡನು’ ಎಂದರೂ ‘ನಾಯಿಯನ್ನು ಹುಡುಗ ಕಂಡನು’ ಎಂದರೂ ಕಂಡವನು ಹುಡುಗನೇ; ಒತ್ತು ಮಾತ್ರ ಬದಲಾಗುತ್ತದೆ. ಇಂಗ್ಲಿಷ್‌ನಲ್ಲಿ ನಾಮಪದಗಳಿಗೆ ಇಂತಹ ಪ್ರತ್ಯಯವಿಲ್ಲ. ಅಲ್ಲಿ ಆ ಕೆಲಸವನ್ನು ಸ್ಥಾನ ಮಾಡುತ್ತದೆ. ‘ದ ಬಾಯ್ ಸಾ ದ ಡಾಗ್’ ಎಂಬುದರಲ್ಲಿ ಎರಡು ನಾಮಪದಗಳು ಸ್ಥಳ ಬದಲಿಸಿಕೊಂಡರೆ ಕಂಡದ್ದು ನಾಯಿ, ಕಾಣಿಸಿಕೊಂಡವನು ಹುಡುಗ ಎಂದಾಗುತ್ತದೆ. ಕನ್ನಡಿಗರ ಕಿವಿಗೆ ಪದಗಳ ಜಾಗ ಒತ್ತಿಗೆ ಸಂಬಂಧಿಸಿದ್ದು. ಇಂಗ್ಲಿಷ್‌ನಲ್ಲಿ ಅದು ಅರ್ಥಕ್ಕೇ ಸಂಬಂಧಿಸಿದ್ದು. ಪದ ಸರಿಯಾಗಿದ್ದರೆ ಜಾಗ ಎಲ್ಲಿದ್ದರೂ ನಡೆದೀತು ಎಂಬ ನಂಬಿಕೆ ಕನ್ನಡದ ಕಾರಕ ವ್ಯವಸ್ಥೆಯಿಂದಲೇ ಹುಟ್ಟಿದ್ದು.

ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಇತರ ಸಂಬಂಧಸೂಚಕಗಳೂ ಸಾಮಾನ್ಯವಾಗಿ ಹಿಂದೆಯೇ ಬರುತ್ತವೆ. ಜೋಸೆಫ್ ಗ್ರೀನ್‌ಬರ್ಗ್ ಅವರು 1963ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ 30 ಭಾಷೆಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರವೃತ್ತಿಯನ್ನು ಗುರುತಿಸಿದರು. ಆ 30 ಭಾಷೆಗಳಲ್ಲಿ ಕನ್ನಡವೂ ಒಂದಾಗಿದ್ದುದು ಗಮನಾರ್ಹ. ‘ಮೇಜಿನ ಮೇಲೆ’ ಎಂಬಲ್ಲಿ ‘ಮೇಲೆ’ ನಾಮಪದದ ನಂತರ ಬರುತ್ತದೆ. ‘ಆನ್ ದ ಟೇಬಲ್’ ಎಂಬಲ್ಲಿ ‘ಆನ್’ ಮೊದಲು ನಿಲ್ಲುತ್ತದೆ. ‘ಬಂದರೆ’, ‘ಬಂದಾಗ’, ‘ಬಂದುದರಿಂದ’ ಎಂಬಲ್ಲಿ ಷರತ್ತು, ಕಾಲ, ಕಾರಣಗಳ ಗುರುತು ಕ್ರಿಯೆಯ ಬಾಲಕ್ಕೆ ಅಂಟಿರುತ್ತದೆ. ಇಂಗ್ಲಿಷ್‌ನ ‘ಇಫ್’, ‘ವೆನ್’, ‘ಬಿಕಾಸ್’ ಉಪವಾಕ್ಯದ ತಲೆಯಲ್ಲಿ ನಿಲ್ಲುತ್ತವೆ. ಸಂಕ್ಷೇಪವಾಗಿ ಹೇಳುವುದಾದರೆ ಕನ್ನಡ ತನ್ನ ವ್ಯಾಕರಣದ ಗುರುತುಗಳನ್ನು ಪದದ ಹಿಂದೆ ಇಡುತ್ತದೆ, ಇಂಗ್ಲಿಷ್ ಮುಂದೆ ಇಡುತ್ತದೆ.

ಪ್ರಶ್ನಾರ್ಥಕ ವಾಕ್ಯದಲ್ಲಿ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. ‘ನೀ ಎಲ್ಲಿಗೆ ಹೊಂಟಿ?’ ಎಂಬ ಈ ಭಾಗದ ಮಾತಿನಲ್ಲಿ ಪ್ರಶ್ನಾಪದ ತಾನಿರಬೇಕಾದ ಸಹಜ ಸ್ಥಾನದಲ್ಲಿಯೇ ಇದೆ. ಅದನ್ನು ಅನುಸರಿಸಿ ಹುಟ್ಟುವ ವಾಕ್ಯ ‘ಯೂ ವೇರ್ ಆರ್ ಗೋಯಿಂಗ್?’ ಎಂಬುದು. ಇಂಗ್ಲಿಷ್‌ನಲ್ಲಿ ಪ್ರಶ್ನಾಪದ ವಾಕ್ಯದ ತಲೆಗೆ ಹೋಗಿ, ಸಹಾಯಕ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ಬಂದು ‘ವೇರ್ ಆರ್ ಯೂ ಗೋಯಿಂಗ್?’ ಎಂದಾಗಬೇಕು. ಈ ಸ್ಥಾನಪಲ್ಲಟವನ್ನು ಕಷ್ಟಪಟ್ಟು ಕಲಿತ ವಿದ್ಯಾರ್ಥಿ ಮುಂದೆ ಪರೋಕ್ಷ ಪ್ರಶ್ನೆಯಲ್ಲಿಯೂ ಅದನ್ನೇ ಮಾಡಿ ‘ಐ ಡೋಂಟ್ ನೋ ವೇರ್ ಈಸ್ ಹಿ’ ಎಂದು ಬರೆಯುತ್ತಾನೆ. ಅಲ್ಲಿ ಪಲ್ಲಟ ಸಲ್ಲದು, ‘ವೇರ್ ಹಿ ಈಸ್’ ಎಂದಿರಬೇಕು. ಮೊದಲನೆಯದು ಕನ್ನಡದ ನಿಯಮದ ಮುಂದುವರಿಕೆ. ಎರಡನೆಯದು ಹೊಸದಾಗಿ ಕಲಿತ ಇಂಗ್ಲಿಷ್ ನಿಯಮದ ಅತಿವ್ಯಾಪ್ತಿ. ಎರಡೂ ತಪ್ಪುಗಳಿಗೆ ಒಂದೇ ಕೆಂಪು ಗೆರೆ ಬೀಳುತ್ತದೆಯಾದರೂ ಎರಡನೆಯ ತಪ್ಪು ಕಲಿಕೆ ಮುಂದೆ ಸಾಗಿರುವುದರ ಲಕ್ಷಣ.

3. ಜೋಡಿ ಸಂಯೋಜಕಗಳು: ಹಿಂದೆ ಅಂಟುವವು, ಮುಂದೆ ನಿಲ್ಲುವವು

ಪದಗಳನ್ನೂ ವಾಕ್ಯಗಳನ್ನೂ ಜೋಡಿಯಾಗಿ ಬೆಸೆಯುವ ರೂಪಗಳು ಕನ್ನಡದಲ್ಲಿ ಹೇರಳವಾಗಿವೆ. ಅವುಗಳಲ್ಲಿ ಮುಖ್ಯವಾದುದು ‘ಊ’. ಹಳಗನ್ನಡದ ‘ಉಂ’ ಎಂಬುದರ ಹೊಸಗನ್ನಡ ರೂಪವಿದು. ಶಾಲಾ ವ್ಯಾಕರಣಗಳು ಇದನ್ನು ‘ಮತ್ತು’, ‘ಅಥವಾ’ಗಳೊಡನೆ ಸಂಬಂಧಾರ್ಥಕ ಅವ್ಯಯಗಳ ಸಾಲಿಗೆ ಸೇರಿಸುತ್ತವೆ. ‘ಅಪ್ಪನೂ ಅವ್ವನೂ ಬಂದರು’ ಎಂಬಲ್ಲಿ ‘ಊ’ ಎರಡು ಸಲ ಬಂದಿದೆ. ಎರಡು ಸಲವೂ ಪದದ ಹಿಂದೆ ಬಂದಿದೆ. ವಿಕಲ್ಪಾರ್ಥದ ‘ಓ’ ಕೂಡ ಹಾಗೆಯೇ: ‘ಅಪ್ಪನೋ ಅವ್ವನೋ ಬಂದಿರಬೇಕು’. ‘ಆಗಲಿ’ ಎಂಬುದೂ ಹಿಂದೆಯೇ ಬರುವಂಥದು: ‘ಹತ್ತಿಯಾಗಲಿ ಜೋಳವಾಗಲಿ ಈ ವರ್ಷ ಬೆಳೆಯಲಿಲ್ಲ’. ‘ಮತ್ತು’ ಎಂಬುದು ಆಧುನಿಕ ಗದ್ಯದಲ್ಲಿ ಹೆಚ್ಚು ಬಳಕೆಯಾಗುತ್ತದೆ. ಬೈಲಹೊಂಗಲದ ಸಂತೆಯಲ್ಲಿ ‘ಮತ್ತ’ ಎಂಬ ಮಾತು ಕೇಳಿದರೆ ಅದು ಬಹುಮಟ್ಟಿಗೆ ‘ಪುನಃ’, ‘ಹಾಗಾದರೆ’ ಎಂಬ ಅರ್ಥದ್ದು. ಎರಡು ವಸ್ತುಗಳನ್ನು ಕೂಡಿಸಲು ಜನ ‘ಊ’ವನ್ನೇ ನೆಚ್ಚುತ್ತಾರೆ.

ಇಂಗ್ಲಿಷ್‌ನ ಜೋಡಿಗಳಲ್ಲಿ ಪ್ರತಿಯೊಂದು ಗುರುತೂ ತಾನು ಸೂಚಿಸುವ ಪದದ ಮುಂದೆ ನಿಲ್ಲುತ್ತದೆ: ‘ಬೋತ್ ಫಾದರ್ ಆ್ಯಂಡ್ ಮದರ್’, ‘ಈದರ್ ಫಾದರ್ ಆರ್ ಮದರ್’. ಹಿಂದಿನ ವಿಭಾಗದಲ್ಲಿ ಕಂಡ ಭೇದವೇ ಇಲ್ಲಿಯೂ ಮರುಕಳಿಸಿದೆ. ‘ಅವನಿಗೆ ಕನ್ನಡ, ಮರಾಠಿ ಎರಡೂ ಬರುತ್ತವೆ’ ಎಂಬ ಮಾತಿನಿಂದ ‘ಹಿ ನೋಸ್ ಕನ್ನಡ ಮರಾಠಿ ಬೋತ್’ ಎಂಬ ವಾಕ್ಯ ಹುಟ್ಟುವುದು ಸಹಜ. ಕನ್ನಡದಲ್ಲಿ ‘ಎರಡೂ’ ಎಂಬುದು ಎಣಿಕೆಯೆಲ್ಲ ಮುಗಿದ ಮೇಲೆ ಬರುವ ಪದ. ಇಂಗ್ಲಿಷ್ ಓದುಗನಿಗೆ ಎಣಿಕೆ ಆರಂಭವಾಗುವ ಮೊದಲೇ ‘ಎರಡು ಸಂಗತಿಗಳು ಬರಲಿವೆ’ ಎಂಬ ಸೂಚನೆ ಬೇಕು. ಕನ್ನಡದ ಜೋಡಿ ಹಿಂದಿರುಗಿ ನೋಡಿ ಲೆಕ್ಕ ಮುಗಿಸುತ್ತದೆ. ಇಂಗ್ಲಿಷ್‌ನ ಜೋಡಿ ಮುಂದೆ ಬರುವುದನ್ನು ಮೊದಲೇ ಸಾರುತ್ತದೆ.

‘ಬಂದಾನೋ ಇಲ್ಲೋ ಗೊತ್ತಿಲ್ಲ’ ಎಂಬ ಮಾತು ಇದಕ್ಕೆ ಇನ್ನೊಂದು ನಿದರ್ಶನ. ಸಂದೇಹದ ವಿಷಯ ಮೊದಲು, ‘ಓ’ ಅದರ ಬಾಲಕ್ಕೆ, ಮುಖ್ಯ ಕ್ರಿಯೆ ಕೊನೆಗೆ. ಇಂಗ್ಲಿಷ್‌ನ ‘ಐ ಡೋಂಟ್ ನೋ ವೆದರ್ ಹಿ ಕೇಮ್ ಆರ್ ನಾಟ್’ ಎಂಬಲ್ಲಿ ಈ ಮೂರೂ ಅಂಶಗಳ ಸರದಿ ತಿರುಗುಮುರುಗಾಗಿದೆ: ಮುಖ್ಯ ಕ್ರಿಯೆ ಮೊದಲು, ಅನಂತರ ‘ವೆದರ್’ ಎಂಬ ಗುರುತು, ಆಮೇಲೆ ಸಂದೇಹದ ವಿಷಯ. ಪದಕ್ರಮವನ್ನೂ ಜೋಡಿ ಪದವನ್ನೂ ಏಕಕಾಲಕ್ಕೆ ತಿರುಗಿಸಬೇಕಾದ ಇಂತಹ ವಾಕ್ಯಗಳಲ್ಲಿ ವಿದ್ಯಾರ್ಥಿಗಳು ಹೆಚ್ಚು ಎಡವುವುದರಲ್ಲಿ ಆಶ್ಚರ್ಯವಿಲ್ಲ.

4. ನಿಷೇಧದ ಸ್ಥಾನ

‘ನೈದರ್–ನಾರ್’ ಜೋಡಿಯ ತೊಡಕು ಇನ್ನೂ ಒಂದು ಹೆಜ್ಜೆ ಆಳವಾದುದು. ಕನ್ನಡದಲ್ಲಿ ನಿಷೇಧ ಕ್ರಿಯಾಪದದೊಡನೆ ವಾಕ್ಯದ ಕೊನೆಯಲ್ಲಿ ಬರುತ್ತದೆ. ‘ಅಪ್ಪನೂ ಅವ್ವನೂ ಬರಲಿಲ್ಲ’ ಎಂಬಲ್ಲಿ ‘ಊ’ ಎಂಬುದಕ್ಕೆ ನಿಷೇಧದ ಅರ್ಥವಿಲ್ಲ. ‘ಬಂದರು’ ಎಂಬುದರ ಜೊತೆಗೂ ಅದೇ ‘ಊ’ ಬರುತ್ತದೆ. ‘ಇಬ್ಬರಲ್ಲಿ ಯಾರೂ ಇಲ್ಲ’ ಎಂಬ ಅರ್ಥ ಕೊನೆಯ ‘ಇಲ್ಲ’ದಿಂದ ಹಿಂದಕ್ಕೆ ಹರಿದು ಬರುತ್ತದೆ. ಇಂಗ್ಲಿಷ್‌ನಲ್ಲಿ ನಿಷೇಧ ಜೋಡಿ ಪದದೊಳಗೇ ಅಡಕವಾಗಿದೆ. ಆದುದರಿಂದ ‘ನೈದರ್ ಫಾದರ್ ನಾರ್ ಮದರ್ ಕೇಮ್’ ಎಂಬಲ್ಲಿ ಕ್ರಿಯಾಪದ ನಿಷೇಧರಹಿತವಾಗಿರಬೇಕು.

ಇಲ್ಲಿ ಎರಡು ತಪ್ಪುಗಳು ಹುಟ್ಟುತ್ತವೆ. ‘ನೈದರ್ ಫಾದರ್ ನಾರ್ ಮದರ್ ಡಿಡ್ ನಾಟ್ ಕಮ್’ ಎಂಬುದು ಮೊದಲನೆಯದು. ಕ್ರಿಯೆಯಲ್ಲಿ ‘ಇಲ್ಲ’ ಎನ್ನದೆ ನಿಷೇಧ ಪೂರ್ಣವಾಗದು ಎಂಬ ಕನ್ನಡದ ನಿಯಮ ಇಲ್ಲಿ ಕೆಲಸ ಮಾಡಿದೆ. ‘ಬೋತ್ ಫಾದರ್ ಆ್ಯಂಡ್ ಮದರ್ ಡಿಡ್ ನಾಟ್ ಕಮ್’ ಎಂಬುದು ಎರಡನೆಯದು. ಇದು ‘ಅಪ್ಪನೂ ಅವ್ವನೂ ಬರಲಿಲ್ಲ’ ಎಂಬುದರ ಪದಶಃ ಅನುವಾದ. ಕನ್ನಡ ವಾಕ್ಯ ಸಂದಿಗ್ಧವಲ್ಲ. ಇಬ್ಬರೂ ಬಂದಿಲ್ಲ ಎಂಬುದು ಖಚಿತ. ಇಂಗ್ಲಿಷ್ ವಾಕ್ಯವನ್ನಾದರೋ ‘ಇಬ್ಬರೂ ಒಟ್ಟಿಗೆ ಬರಲಿಲ್ಲ, ಒಬ್ಬರು ಬಂದಿರಬಹುದು’ ಎಂದೂ ಓದಬಹುದು. ಅರ್ಜಿ, ಸಾಕ್ಷ್ಯ, ಕರಾರುಗಳ ಭಾಷೆಯಲ್ಲಿ ಇಂತಹ ಸಂದಿಗ್ಧತೆ ನಷ್ಟವನ್ನೂ ತಂದೀತು.

ಇದೇ ‘ಊ’ ಪ್ರಶ್ನಾಪದಗಳಿಗೂ ಅಂಟುತ್ತದೆ: ‘ಯಾರೂ ಬಂದಿಲ್ಲ’, ‘ಏನೂ ಹೇಳಲಿಲ್ಲ’, ‘ಎಲ್ಲಿಯೂ ಹೋಗಲಿಲ್ಲ’. ಇವುಗಳಿಂದ ಹುಟ್ಟುವ ‘ಎನಿಬಡಿ ಡಿಡ್ ನಾಟ್ ಕಮ್’ ಎಂಬ ವಾಕ್ಯ ಇಂಗ್ಲಿಷ್‌ನಲ್ಲಿ ಸಲ್ಲದು. ‘ಎನಿ’ ವರ್ಗದ ಪದಗಳಿಗೆ ನಿಷೇಧವು ಮುಂಚಿತವಾಗಿ ಬಂದಿರಬೇಕೆಂಬುದು ಅಲ್ಲಿನ ನಿಯಮ. ಕರ್ತೃಸ್ಥಾನದ ಮುಂದೆ ನಿಷೇಧ ಬರಲು ಎಡೆಯಿಲ್ಲವಾದುದರಿಂದ ‘ನೋಬಡಿ ಕೇಮ್’ ಎಂದು ನಿಷೇಧವನ್ನು ಪದದೊಳಗೇ ಸೇರಿಸಬೇಕಾಗುತ್ತದೆ. ಕರ್ಮಸ್ಥಾನದಲ್ಲಿ ಈ ತೊಡಕಿಲ್ಲ. ‘ಹಿ ಡಿಡ್ ನಾಟ್ ಸೇ ಎನಿಥಿಂಗ್’ ಎಂಬಲ್ಲಿ ‘ನಾಟ್’ ಮೊದಲೇ ಬಂದಿದೆ. ‘ನೈದರ್–ನಾರ್’, ‘ನೋಬಡಿ’, ‘ಎನಿಬಡಿ’ಗಳನ್ನು ಪಠ್ಯಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಕಲಿಸುತ್ತವೆ. ಕನ್ನಡದ ‘ಊ’ ಮತ್ತು ‘ಇಲ್ಲ’ಗಳ ಸಂಬಂಧವನ್ನು ಅರಿತವರಿಗೆ ಇವೆಲ್ಲ ಒಂದೇ ಪಾಠ: ಕನ್ನಡದ ನಿಷೇಧ ಕೊನೆಯಿಂದ ಹಿಂದಕ್ಕೆ ನೋಡುತ್ತದೆ, ಇಂಗ್ಲಿಷ್‌ನ ನಿಷೇಧ ಮೊದಲು ನಿಂತು ಮುಂದಕ್ಕೆ ನೋಡುತ್ತದೆ.

5. ಸಮಾನರೂಪತೆ

ಜೋಡಿ ಸಂಯೋಜಕಗಳ ಬಗೆಗೆ ಇಂಗ್ಲಿಷ್ ವ್ಯಾಕರಣಗಳು ಒತ್ತಿ ಹೇಳುವ ನಿಯಮವೆಂದರೆ ಎರಡು ಗುರುತುಗಳ ಮುಂದೆಯೂ ಒಂದೇ ಬಗೆಯ ಘಟಕವಿರಬೇಕೆಂಬುದು. ‘ಹಿ ನೋಸ್ ಬೋತ್ ಕನ್ನಡ ಆ್ಯಂಡ್ ಮರಾಠಿ’ ಎಂಬಲ್ಲಿ ಎರಡು ಕಡೆಯೂ ನಾಮಪದವಿದೆ. ‘ಹಿ ಬೋತ್ ನೋಸ್ ಕನ್ನಡ ಆ್ಯಂಡ್ ಮರಾಠಿ’ ಎಂದರೆ ಒಂದು ಕಡೆ ಕ್ರಿಯಾಪದ, ಇನ್ನೊಂದು ಕಡೆ ನಾಮಪದವಾಗಿ ತಕ್ಕಡಿ ವಾಲುತ್ತದೆ. ‘ಫಾರ್ಮರ್ಸ್ ಗ್ರೋ ನಾಟ್ ಓನ್ಲಿ ಜೋವಾರ್ ಬಟ್ ಆಲ್ಸೊ ಕಾಟನ್’ ಎಂಬುದು ಸರಿಯಾದ ಕ್ರಮ.

ಈ ನಿಯಮವನ್ನು ಇಂಗ್ಲಿಷ್‌ನ ವಿಶೇಷವೆಂಬಂತೆ ಬೋಧಿಸುವುದು ರೂಢಿ. ವಾಸ್ತವದಲ್ಲಿ ಕನ್ನಡವು ಈ ವಿಷಯದಲ್ಲಿ ಅಷ್ಟೇ ಕಟ್ಟುನಿಟ್ಟು. ಪೂರ್ಣ ಕ್ರಿಯಾಪದಕ್ಕೆ ‘ಊ’ ನೇರವಾಗಿ ಅಂಟುವುದಿಲ್ಲ. ‘ಬಂದನೂ ಹೋದನೂ’ ಎಂದು ಯಾರೂ ಹೇಳುವುದಿಲ್ಲ. ‘ಬರಲೂ ಇಲ್ಲ, ಹೇಳಿ ಕಳಿಸಲೂ ಇಲ್ಲ’ ಎಂದು ಎರಡೂ ಕ್ರಿಯೆಗಳನ್ನು ಒಂದೇ ರೂಪಕ್ಕೆ ತಂದ ಮೇಲೆಯೇ ‘ಊ’ ಹತ್ತುತ್ತದೆ. ಒಂದು ಕಡೆ ‘ಬರಲೂ’, ಇನ್ನೊಂದು ಕಡೆ ‘ಕಳಿಸಿದನೂ’ ಎಂದು ಬೆರೆಸಿದರೆ ಶಾಲೆಗೆ ಹೋಗದವರಿಗೂ ಅದು ತಪ್ಪೆಂದು ತಿಳಿಯುತ್ತದೆ. ಇದರ ಇಂಗ್ಲಿಷ್ ರೂಪ ‘ಹಿ ನೈದರ್ ಕೇಮ್ ನಾರ್ ಸೆಂಟ್ ವರ್ಡ್’ ಎಂಬುದು. ಇಲ್ಲಿಯೂ ಎರಡು ಕ್ರಿಯೆಗಳು ಒಂದೇ ರೂಪದಲ್ಲಿವೆ. ಸಮಾನರೂಪತೆಯ ಅರಿವು ಮಗುವಿಗೆ ಮನೆಯಲ್ಲಿಯೇ ಬಂದಿರುತ್ತದೆ. ಕಲಿಯಬೇಕಾದುದು ಗುರುತಿನ ಸ್ಥಾನವನ್ನು ಮಾತ್ರ.

ಕೆಲವು ಜೋಡಿಗಳು ವಾಕ್ಯದ ಆರಂಭಕ್ಕೆ ಬಂದಾಗ ಇಂಗ್ಲಿಷ್ ಪದಕ್ರಮವೇ ಬದಲಾಗುತ್ತದೆ. ‘ಬಸ್ ಬಂದ ಕೂಡಲೇ ಹತ್ತಿದರು’ ಎಂಬ ಸರಳ ಕನ್ನಡ ವಾಕ್ಯ ‘ನೋ ಸೂನರ್ ಹ್ಯಾಡ್ ದ ಬಸ್ ಅರೈವ್ಡ್ ದ್ಯಾನ್ ದೇ ಗಾಟ್ ಇನ್’ ಎಂದಾಗುತ್ತದೆ. ನಿಷೇಧಾರ್ಥದ ಪದ ತಲೆಗೆ ಬಂದುದರಿಂದ ಪ್ರಶ್ನಾವಾಕ್ಯದಲ್ಲಿರುವಂತೆ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮುಂದೆ ಬಂದಿದೆ. ‘ನಾಟ್ ಓನ್ಲಿ’ ಮೊದಲಿಗೆ ಬಂದು ಇಡೀ ವಾಕ್ಯವನ್ನು ಅವಲಂಬಿಸಿದಾಗಲೂ ಹೀಗೆಯೇ: ‘ನಾಟ್ ಓನ್ಲಿ ಡಿಡ್ ಚನ್ನಮ್ಮ ರೂಲ್ ಕಿತ್ತೂರ್, ಶಿ ಆಲ್ಸೊ ಫಾಟ್ ದ ಕಂಪನಿ’. ಪ್ರಶ್ನಾವಾಕ್ಯದ ಪಲ್ಲಟವನ್ನು ಅರಿತ ವಿದ್ಯಾರ್ಥಿಗೆ ಇದು ಹೊಸ ನಿಯಮವಲ್ಲ, ಹಳೆಯ ನಿಯಮದ ಮರುಬಳಕೆ.

‘ಆಲ್ದೋ’ ಮತ್ತು ‘ಬಟ್’ಗಳನ್ನು ಒಂದೇ ವಾಕ್ಯದಲ್ಲಿ ಬಳಸುವುದು ಇನ್ನೊಂದು ಸಾಮಾನ್ಯ ತಪ್ಪು. ‘ಮಳೆ ಬಂದರೂ ಹೋದೆವು’ ಎಂಬುದೂ ‘ಮಳೆ ಬಂತು, ಆದರೂ ಹೋದೆವು’ ಎಂಬುದೂ ಕನ್ನಡದಲ್ಲಿ ಸರಿ. ಎರಡೂ ರಚನೆಗಳು ಬೆರೆತಾಗ ‘ಆಲ್ದೋ ಇಟ್ ರೇನ್ಡ್, ಬಟ್ ವಿ ವೆಂಟ್’ ಎಂಬ ವಾಕ್ಯ ಹುಟ್ಟುತ್ತದೆ. ಇಂಗ್ಲಿಷ್ ಈ ಎರಡರಲ್ಲಿ ಒಂದನ್ನೇ ಬೇಡುತ್ತದೆ. ಎಲ್ಲ ಸಂಬಂಧಗಳಿಗೂ ಜೋಡಿ ಬೇಕೆಂಬ ನಿರೀಕ್ಷೆ ಇಲ್ಲಿ ತಪ್ಪಿಗೆ ಕಾರಣವಾಗುತ್ತದೆ.

6. ಆಡುಮಾತಿನಲ್ಲಿರುವ ಸೇತುವೆ

ಇಷ್ಟರಿಂದ ಕನ್ನಡದ ಜೋಡಿಗಳೆಲ್ಲ ಹಿಂದೆಯೇ ಅಂಟುವವು ಎಂದು ತೀರ್ಮಾನಿಸಲಾಗದು. ಈ ಭಾಗದ ಆಡುಮಾತನ್ನು ಗಮನಿಸಿದರೆ ಮುಂದೆ ನಿಲ್ಲುವ ಜೋಡಿಗಳೂ ಕಾಣಸಿಗುತ್ತವೆ. ‘ಒಂದ ಬೈಲಹೊಂಗಲಕ್ಕ ಹೋಗೋಣು, ಇಲ್ಲಾ ಸವದತ್ತಿಗೆ ಹೋಗೋಣು’ ಎಂಬ ಮಾತಿನಲ್ಲಿ ‘ಒಂದ’ ಮತ್ತು ‘ಇಲ್ಲಾ’ ಎಂಬ ಗುರುತುಗಳು ತಾವು ಸೂಚಿಸುವ ಘಟಕಗಳ ಮುಂದೆ ನಿಂತಿವೆ. ಗ್ರಾಂಥಿಕ ಭಾಷೆಯ ‘ಒಂದೋ – ಇಲ್ಲವೇ’ ಇದೇ ಜೋಡಿ. ‘ಈದರ್–ಆರ್’ ಎಂಬುದಕ್ಕೂ ಇದಕ್ಕೂ ಸ್ಥಾನದಲ್ಲಿ ಭೇದವಿಲ್ಲ. ಮೊದಲ ಪದ ಕೇಳಿದೊಡನೆ ಎರಡನೆಯ ಪದವನ್ನು ಕಿವಿ ನಿರೀಕ್ಷಿಸುವ ಅನುಭವ ಎರಡು ಭಾಷೆಗಳಲ್ಲಿಯೂ ಒಂದೇ.

‘ಎಷ್ಟು – ಅಷ್ಟು’, ‘ಎಲ್ಲಿ – ಅಲ್ಲಿ’, ‘ಹ್ಯಾಂಗ – ಹಾಂಗ’ ಎಂಬ ಪ್ರಶ್ನಾವಾಚಕ–ದರ್ಶಕ ಜೋಡಿಗಳೂ ಘಟಕದ ಮೊದಲಲ್ಲಿ ನಿಲ್ಲುತ್ತವೆ. ‘ಎಷ್ಟು ಮಳೆಯಾಗುತ್ತದೆಯೋ ಅಷ್ಟು ಬೆಳೆ ಬರುತ್ತದೆ’ ಎಂಬಲ್ಲಿ ಮೊದಲ ಘಟಕದ ಮುಂದೆ ‘ಎಷ್ಟು’, ಹಿಂದೆ ‘ಓ’, ಎರಡನೆಯ ಘಟಕದ ಮುಂದೆ ‘ಅಷ್ಟು’ ಇವೆ. ಇಂಗ್ಲಿಷ್‌ನ ‘ದ ಮೋರ್ – ದ ಮೋರ್’ ರಚನೆಯನ್ನು ಇದರ ಮೂಲಕ ವಿವರಿಸಬಹುದು. ‘ಬರೇ ಜ್ವಾಳ ಅಲ್ಲ, ಹತ್ತೀನೂ ಬೆಳಿತಾರ’ ಎಂಬಲ್ಲಿ ‘ಬರೇ’ ಮುಂದೆ, ‘ಅಲ್ಲ’ ಹಿಂದೆ ಬಂದು ನಾಮಪದವನ್ನು ನಡುವೆ ಹಿಡಿದಿವೆ. ‘ನಾಟ್ ಓನ್ಲಿ’ ಎಂಬುದರಲ್ಲಿ ಆ ಎರಡೂ ಒಂದಾಗಿ ನಾಮಪದದ ಮುಂದೆ ಸೇರಿವೆ. ‘ಹತ್ತೀನೂ’ ಎಂಬುದರ ‘ಊ’ ಇಂಗ್ಲಿಷ್‌ನಲ್ಲಿ ‘ಬಟ್ ಆಲ್ಸೊ’ ಎಂದು ಮುಂದಕ್ಕೆ ಸರಿದಿದೆ.

ಉರ್ದು ಮನೆಮಾತಿನ ಮಕ್ಕಳಿಗೂ, ಹಿಂದಿಯನ್ನು ಕಲಿತ ಮಕ್ಕಳಿಗೂ ‘ನ – ನ’ ಎಂಬ ಜೋಡಿ ಪರಿಚಿತ. ಅದು ಮುಂದೆ ನಿಲ್ಲುವಂಥದು, ನಿಷೇಧವನ್ನು ತನ್ನೊಳಗೇ ಹೊಂದಿರುವಂಥದು. ‘ನೈದರ್–ನಾರ್’ ಎಂಬುದಕ್ಕೆ ಬಹಳ ಹತ್ತಿರವಾದುದು. ಹಲವು ಭಾಷೆಗಳು ಕೂಡುವ ತರಗತಿಯಲ್ಲಿ ಒಂದು ಭಾಷೆ ಕೊಡದ ಹೋಲಿಕೆಯನ್ನು ಇನ್ನೊಂದು ಕೊಡುತ್ತದೆ.

7. ವಿರುದ್ಧ ದಿಕ್ಕಿನ ಕಲಿಕೆ

ಇಂಗ್ಲಿಷ್ ಆಡುವವರು ಕನ್ನಡ ಕಲಿತಾಗ ಇದೇ ತೊಡಕು ತಿರುಗುಮುರುಗಾಗಿ ಎದುರಾ­ಗಿತ್ತು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ, ಜಾನ್ ಮೆಕೆರೆಲ್ ಅವರದು 1820ರಲ್ಲಿ, ಥಾಮಸ್ ಹಾಡ್ಸನ್ ಅವರದು 1859ರಲ್ಲಿ, ಎಫ್. ಕಿಟೆಲ್ ಅವರದು 1903ರಲ್ಲಿ, ಹೆರಾಲ್ಡ್ ಸ್ಪೆನ್ಸರ್ ಅವರದು 1914ರಲ್ಲಿ ಪ್ರಕಟವಾದವು. ಇವೆಲ್ಲ ಇಂಗ್ಲಿಷ್ ಮೂಲಕ ಕನ್ನಡವನ್ನು ಪರಿಚಯಿಸಿದ ಗ್ರಂಥಗಳು. ಕಂಪನಿಯ ಅಧಿಕಾರಿಗಳಿಗೂ ಮಿಷನರಿಗಳಿಗೂ ಕನ್ನಡ ವಾಕ್ಯ ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನು ಅವರ ಮಾತಿನ ಮೂಲಕವೇ ವಿವರಿಸುವುದು ಅಗತ್ಯವೆಂದು ಆ ಕಾಲದ ವಿದ್ವಾಂಸರು ಅರಿತಿದ್ದರು. ಆದರೆ ಕನ್ನಡಿಗರಿಗೆ ಇಂಗ್ಲಿಷ್ ಕಲಿಸುವಲ್ಲಿ ಇದೇ ವಿವೇಕ ಅಷ್ಟಾಗಿ ಕಾಣಿಸಲಿಲ್ಲ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಂತಹ, ಇಡೀ ದೇಶದ ಶಾಲೆಗಳಲ್ಲಿ ಬಳಕೆಯಾದ ಪುಸ್ತಕಗಳು ಜೋಡಿ ಸಂಯೋಜಕಗಳ ಪಟ್ಟಿಯನ್ನೂ ನಿಯಮವನ್ನೂ ಕೊಡುತ್ತವೆ. ಯಾವುದೇ ಒಂದು ಮನೆಮಾತನ್ನು ಉದ್ದೇಶಿಸಿ ಬರೆದವಲ್ಲವಾದುದರಿಂದ ಕನ್ನಡದ ‘ಊ’, ‘ಓ’, ‘ಇಲ್ಲ’ಗಳ ಪ್ರಸ್ತಾಪಕ್ಕೆ ಅಲ್ಲಿ ಎಡೆಯಿಲ್ಲ.

ಕನ್ನಡ ವ್ಯಾಕರಣದ ಪಾಠವೂ ಈ ಕೊರತೆಯನ್ನು ತುಂಬುವುದಿಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಬಂದ ಪರಂಪರೆಯಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಅವ್ಯಯಗಳಿಗೆ ಪ್ರಾಧಾನ್ಯ, ವಾಕ್ಯರಚನೆಗೆ ಪ್ರತ್ಯೇಕ ಪ್ರಕರಣವಿಲ್ಲ. ಇಂದಿನ ಶಾಲಾ ಪುಸ್ತಕಗಳ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರವಾಕ್ಯ ಎಂಬ ವಿಂಗಡಣೆ ಇಂಗ್ಲಿಷ್ ವ್ಯಾಕರಣದ ಮಾದರಿಯನ್ನು ಹೋಲುವಂಥದು. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಎಂಬ ಕೃತಿಯಲ್ಲಿ ಕನ್ನಡದ ನಿಯಮಗಳನ್ನು ಕನ್ನಡದೊಳಗಿನಿಂದಲೇ ಕಂಡುಕೊಳ್ಳಬೇಕೆಂದು ವಾದಿಸಿದರು. ಎಸ್.ಎನ್. ಶ್ರೀಧರ್ ಅವರು 1990ರಲ್ಲಿ ಪ್ರಕಟಿಸಿದ ವಿವರಣಾತ್ಮಕ ವ್ಯಾಕರಣ ಕನ್ನಡ ವಾಕ್ಯರಚನೆಯನ್ನು ವಿಸ್ತಾರವಾಗಿ ನಿರೂಪಿಸಿದೆ. ಈ ಅಧ್ಯಯನಗಳ ಫಲ ಇಂಗ್ಲಿಷ್ ತರಗತಿಗೂ ಸಲ್ಲಬೇಕಾದುದು.

8. ಬೋಧನೆಯ ದೃಷ್ಟಿಯಿಂದ

ಮೇಲಿನ ವಿವೇಚನೆಯಿಂದ ತರಗತಿಗೆ ಅನ್ವಯಿಸಬಹುದಾದ ಒಂದು ಕ್ರಮ ಹೊರಡುತ್ತದೆ. ಮೊದಲಿಗೆ ವಿದ್ಯಾರ್ಥಿಗಳ ಆಡುಮಾತಿನ ವಾಕ್ಯವೊಂದನ್ನು ಹಾಗೆಯೇ ಹಲಗೆಯ ಮೇಲೆ ಬರೆದು ಅದರಲ್ಲಿನ ಜೋಡಿ ಗುರುತುಗಳ ಕೆಳಗೆ ಗೆರೆ ಎಳೆಯಬೇಕು. ಅವು ಘಟಕದ ಹಿಂದಿವೆಯೋ ಮುಂದಿವೆಯೋ ಎಂಬುದನ್ನು ವಿದ್ಯಾರ್ಥಿಗಳೇ ಹೇಳಬೇಕು. ಎರಡನೆಯದಾಗಿ ‘ಒಂದೋ – ಇಲ್ಲವೇ’ಯಂತಹ ಮುಂದೆ ನಿಲ್ಲುವ ಜೋಡಿಯಿಂದ ‘ಈದರ್–ಆರ್’ ಎಂಬುದಕ್ಕೆ ದಾಟಬೇಕು. ಸ್ಥಾನಪಲ್ಲಟ ಬೇಕಿಲ್ಲದ ಈ ಜೋಡಿ ಸುಲಭದ ಮೆಟ್ಟಿಲು. ಮೂರನೆಯದಾಗಿ ‘ಊ – ಊ’ ಜೋಡಿಯನ್ನು ತೆಗೆದುಕೊಂಡು ಗುರುತನ್ನು ಹಿಂದಿನಿಂದ ಮುಂದಕ್ಕೆ ಸರಿಸಿ ‘ಬೋತ್–ಆ್ಯಂಡ್’ ಎಂದು ಮಾಡಬೇಕು. ನಾಲ್ಕನೆಯದಾಗಿ ‘ಇಲ್ಲ’ವನ್ನು ವಾಕ್ಯದ ಕೊನೆಯಿಂದ ಎತ್ತಿ ಜೋಡಿಯೊಳಗೆ ಸೇರಿಸಿ ‘ನೈದರ್–ನಾರ್’ ತಲುಪಬೇಕು. ‘ಇಲ್ಲ’ವನ್ನು ಒಮ್ಮೆ ಎತ್ತಿದ ಮೇಲೆ ಕೊನೆಯಲ್ಲಿ ಅದು ಉಳಿಯಲಾಗದೆಂಬುದು ಆಗ ಕಣ್ಣಿಗೆ ಕಾಣುತ್ತದೆ. ತಲೆಗೆ ಬಂದು ಪದಕ್ರಮವನ್ನು ಪಲ್ಲಟಿಸುವ ‘ನೋ ಸೂನರ್–ದ್ಯಾನ್’ ಮೊದಲಾದವು ಕೊನೆಯ ಹಂತಕ್ಕೆ ಸೇರಿದವು.

ಈ ಕ್ರಮಕ್ಕೆ ಹೊಸ ಸಲಕರಣೆಗಳ ಅಗತ್ಯವಿಲ್ಲ. ಕನ್ನಡ ಶಿಕ್ಷಕರೂ ಇಂಗ್ಲಿಷ್ ಶಿಕ್ಷಕರೂ ಒಂದು ವಾಕ್ಯವನ್ನು ಒಟ್ಟಿಗೆ ನೋಡಿದರೆ ಸಾಕಾಗುತ್ತದೆ. ತರಗತಿಯಲ್ಲಿ ಮನೆಮಾತನ್ನು ಹೊರಗಿಟ್ಟರೆ ಇಂಗ್ಲಿಷ್ ಬೇಗ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಹೊರಗಿಟ್ಟ ಮಾತ್ರಕ್ಕೆ ಮನೆಮಾತಿನ ನಿಯಮಗಳು ಮಗುವಿನ ಮನಸ್ಸನ್ನು ಬಿಟ್ಟು ಹೋಗುವುದಿಲ್ಲ. ಹೆಸರಿಲ್ಲದೆ ಒಳಗೇ ಉಳಿದು ಮತ್ತೆ ಮತ್ತೆ ತಪ್ಪಾಗಿ ಹೊರಬೀಳುತ್ತವೆ.

ಒಟ್ಟಾರೆ, ಬೈಲಹೊಂಗಲದಿಂದ ರಾಮದುರ್ಗದವರೆಗಿನ ಕನ್ನಡ ಶಾಲೆಯ ವಿದ್ಯಾರ್ಥಿಯೊಬ್ಬಳು ‘ನೈದರ್ ಫಾದರ್ ನಾರ್ ಮದರ್ ಡಿಡ್ ನಾಟ್ ಕಮ್’ ಎಂದು ಬರೆದಾಗ ಅವಳು ವ್ಯಾಕರಣವನ್ನು ಮರೆತಿರುವುದಿಲ್ಲ. ನಿಷೇಧ ಕ್ರಿಯೆಯಲ್ಲಿ ನೆಲೆಸಬೇಕೆಂಬ ತನ್ನ ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿರುತ್ತಾಳೆ. ಉತ್ತರಕ್ಕೆ ಅಂಕ ದೊರೆಯದಿರಬಹುದು. ಆದರೆ ಆ ನಿಯಮ ಯಾವುದು, ಇಂಗ್ಲಿಷ್‌ನಲ್ಲಿ ಅದರ ಸ್ಥಾನ ಎಲ್ಲಿ ಎಂಬುದನ್ನು ಅವಳಿಗೆ ತಿಳಿಸುವುದು ಶಾಲೆಯ ಹೊಣೆ. ಕನ್ನಡ ವಾಕ್ಯರಚನೆಯ ಅಧ್ಯಯನವನ್ನು ಬಲಪಡಿಸುವುದು ಇಂಗ್ಲಿಷ್ ಕಲಿಕೆಗೆ ಅಡ್ಡಿಯಾಗದೆ ಅದಕ್ಕೆ ಅಡಿಪಾಯವಾಗುತ್ತದೆ ಎಂಬುದನ್ನು ಈ ವಿವೇಚನೆ ಸ್ಪಷ್ಟಪಡಿಸುತ್ತದೆ.